ಭಜನೆಯವರನ್ನು ಕಂಡರಾಗದ ದುಕಾನದವ್ವ

ತಿಕೋಂಡಿಯ ದುಕಾನದವ್ವ ಹೋದ ತಿಂಗಳು ತೀರಿಕೊಂಡರು. ಫೋನಿನಲ್ಲಿ ಸುದ್ದಿ ಹೇಳಿದವರು ಅವರ ನಿಜವಾದ ಹೆಸರು ಹೇಳಿದ್ದರಿಂದ ನನಗೆ ಒಂದು ಗಳಿಗೆ ಯಾರೆಂದೇ ಹೊಳೆಯಲಿಲ್ಲ. ಅವರ ಮನೆಯ ಹಿಂಬದಿಯ ಖೋಲಿಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದವಳು ನಾನು. ಅಷ್ಟು ಕಾಲದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ಕೇಳಿರಲಿಲ್ಲ. ಗಂಡ ಕೂಡ ಕರೆಯುತ್ತಿರಲಿಲ್ಲ. ಊರಿಗೆಲ್ಲ ಅವರು ದುಕಾನದವ್ವ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ದುಕಾನು ಮನೆಯ ಮುಂಭಾಗದಲ್ಲೇ ಇತ್ತು. ಚಹಾಪುಡಿ, ಸಾಬೂನು, ಬೆಲ್ಲ, ಕುರಿಗಾರರಿಗೆ ಬೇಕಾಗುವ ಹಗ್ಗ ಮತ್ತು ಬ್ಯಾಟರಿ. ದುಕಾನದವ್ವ ಸಣ್ಣ ಆಳು, ಬೆನ್ನು ಮಾತ್ರ ನೆಟ್ಟಗೆ. ಸೆರಗನ್ನು ಸೊಂಟಕ್ಕೆ ಬಿಗಿದು ಬೆಲ್ಲದ ಪೆಂಟೆಯನ್ನು ಕಲ್ಲಿನಿಂದ ಒಡೆಯುತ್ತಿದ್ದರೆ ಎದುರು ನಿಂತವರು ಮಾತು ನಿಲ್ಲಿಸುತ್ತಿದ್ದರು. ಗಿರಾಕಿಗಳೊಂದಿಗೆ ಅವರದು ಕನ್ನಡ. ಇಲ್ಲ ಎನ್ನಬೇಕಾದಾಗ ಮಾತ್ರ ಮರಾಠಿ. "ಮಿಳಣಾರ್ ನಾಹಿ," ಸಿಗೋದಿಲ್ಲ ಎಂದು ಹೇಳಿ ಮುಖ ತಿರುಗಿಸಿಬಿಡುತ್ತಿದ್ದರು. ಅದೇನು ಹಾಗೆ ಎಂದು ಒಮ್ಮೆ ಕೇಳಿದೆ.

"ಕನ್ನಡದಾಗ ಇಲ್ಲ ಅಂದ್ರ ಮಂದಿ ಅಲ್ಲೇ ಕುಂತು ಮಾತಾಡ್ತಾರ್ರಿ ಅಕ್ಕೋರ. ಮರಾಠ್ಯಾಗ ಅಂದ್ರ ಕಚೇರ್ಯಾಗ ಅಂದಂಗ ಆಗತೈತಿ. ಎದ್ದು ಹೋಗ್ತಾರ."

ನಾನು ಜತ್ತದವಳು. ಮದುವೆ ಮುರಿದ ಮೇಲೆ ಪರಿಚಯದವರಿಲ್ಲದ ಊರು ಬೇಕೆನಿಸಿ, ಮಹಾರಾಷ್ಟ್ರದ ಗಡಿಯ ಕಡೆಯ ಕನ್ನಡ ಶಾಲೆಗೆ ಬದಲಿ ಕೇಳಿಕೊಂಡು ಬಂದಿದ್ದೆ. ಬಾಡಿಗೆ ಕೇಳಲು ಹೋದ ದಿನ ದುಕಾನದವ್ವ ನನ್ನ ಸಾಮಾನಿನ ಮೂಟೆಯ ಕಡೆಗೊಮ್ಮೆ ನೋಡಿ, "ಒಬ್ಬಾಕೆ ಅಲಾ?" ಎಂದರು. ಹೌದು ಎಂದೆ. ಹಿಂದಿನ ಖೋಲಿಗೆ ಗಾಳಿ ಚಲೋ ಬರುತ್ತದೆ ಎಂದಷ್ಟೇ ಹೇಳಿ ಕೀಲಿ ಕೊಟ್ಟರು. ಆಮೇಲೆ ಆ ವಿಷಯವನ್ನು ಅವರು ಎತ್ತಲೇ ಇಲ್ಲ. ಊರಿನಲ್ಲಿ ನನ್ನನ್ನು ಏನನ್ನೂ ಕೇಳದೆ ಬಿಟ್ಟವರು ಅವರೊಬ್ಬರೇ. ಅದಕ್ಕಾಗಿ ಮೊದಲ ದಿನದಿಂದಲೂ ಅವರ ಮೇಲೆ ನನಗೆ ಒಂದು ಬಗೆಯ ಪ್ರೀತಿ.

ಗಂಡ ಆಗ ಬದುಕಿದ್ದರು. ಊರವರು ಅವರನ್ನು ಪೆಟಗಿಯಪ್ಪ ಎನ್ನುತ್ತಿದ್ದರು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಪೆಟಗಿ ಬಾರಿಸುವವರು. ಸೋಮವಾರ ಸಂಜೆಯ ಭಜನೆ, ಹರಕೆಯ ಭಜನೆ, ಸುತ್ತಲ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಮುಂದಿನ ಭಜನೆ, ಎಲ್ಲಕ್ಕೂ ಹೋಗುತ್ತಿದ್ದರು. ಆದರೆ ಆ ಪೆಟಗಿಯನ್ನು ನಾನು ಆ ಮನೆಯಲ್ಲಿ ಕಾಣಲೇ ಇಲ್ಲ. ಅದು ಮಂಡಳಿಯಲ್ಲಿ ಮುಂದಾಗಿ ಹಾಡುತ್ತಿದ್ದ ದರ್ಜಿಯ ಮನೆಯಲ್ಲಿ ಇರುತ್ತಿತ್ತು. ಪೆಟಗಿಯಪ್ಪ ಮನೆಯಿಂದ ಬರಿಗೈಯಲ್ಲಿ ಹೊರಟು ಬರಿಗೈಯಲ್ಲಿ ಬರುತ್ತಿದ್ದರು. ಮನೆಯಲ್ಲಿ ಒಂದು ಸಾಲು ಗುನುಗಿದ್ದನ್ನೂ ಕೇಳಿಲ್ಲ. ಉಣ್ಣುವಾಗ ಮಾತ್ರ ಅವರ ಎಡಗೈಯ ಬೆರಳುಗಳು ತಮ್ಮಷ್ಟಕ್ಕೆ ಮೊಣಕಾಲ ಮೇಲೆ ಆಡತೊಡಗುತ್ತಿದ್ದವು. ದುಕಾನದವ್ವ ರೊಟ್ಟಿ ಬಡಿಯುತ್ತಲೇ "ಕೈ" ಎನ್ನುತ್ತಿದ್ದರು. ಬೆರಳು ನಿಲ್ಲುತ್ತಿದ್ದವು. ಸಿಟ್ಟಿನ ದನಿಯಲ್ಲ ಅದು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ದನಿ.

ಭಜನೆಯವರು ದುಕಾನಿನ ಮುಂದೆ ಹಾದುಹೋದರೆ ದುಕಾನದವ್ವ ಒಂದು ಕದ ಮುಚ್ಚುತ್ತಿದ್ದರು. ಕಡ್ಡಿಪೆಟ್ಟಿಗೆ ಕೇಳಲು ಬಂದರೆ ಕೊಡುತ್ತಿದ್ದರು, ಆದರೆ ಮುಖ ನೋಡುತ್ತಿರಲಿಲ್ಲ. ಇದು ಬರಿಯ ಜಿಗುಟು ಸ್ವಭಾವವೆಂದು ನಾನು ಬಹಳ ದಿನ ತಿಳಿದಿದ್ದೆ. ಒಂದು ಬೇಸಿಗೆಯ ಮಧ್ಯಾಹ್ನ ಇಬ್ಬರೂ ತೊಗರಿಬೇಳೆ ಆರಿಸುತ್ತ ಕೂತಿದ್ದಾಗ, ನಾನು ಕೇಳದೆಯೇ ಹೇಳಿದರು. ಅವರಿಗೊಂದು ಹೆಣ್ಣು ಕೂಸಿತ್ತು. ಇನ್ನೂ ನಡೆಯಲು ಕಲಿಯುತ್ತಿತ್ತು. ಜ್ವರ ಬಂದು ಎರಡೇ ದಿನಕ್ಕೆ ಏರಿಬಿಟ್ಟಿತು.

"ಸನಮಡಿ ಊರಾಗ ಯಾರೋ ಸತ್ತಿದ್ರು. ನಮ್ಮವ್ರು ಅಲ್ಲೆ ಹೆಣದ ಮುಂದ ಕುಂತು ಬಾರಸ್ಕೋತ ಇದ್ರು. ಇಲ್ಲೆ ಕೂಸು ನನ್ನ ತೊಡಿ ಮ್ಯಾಲ ಹೋತು. ಬ್ಯಾರೇವ್ರ ಸಾವಿಗೆ ಹೋದ ಮನಶ್ಯಾ ತನ್ನ ಮನೀದಕ್ಕ ಇರಲಿಲ್ರಿ."

ಮರುದಿನ ಮಧ್ಯಾಹ್ನದ ಬಸ್ಸಿಗೆ ಗಂಡ ಪೆಟಗಿ ಹೊತ್ತು ಬಂದರಂತೆ. ಇವರು ಹೊಸ್ತಿಲಲ್ಲಿ ನಿಂತು, ಅದನ್ನು ಒಳಗೆ ತರಬೇಡಿ ಎಂದರಂತೆ. ಅವರು ಅಲ್ಲಿಂದಲೇ ತಿರುಗಿ ಹೋಗಿ ದರ್ಜಿಯ ಮನೆಯಲ್ಲಿ ಇಟ್ಟು ಬಂದರು. ಭಜನೆ ಬಿಡಿ ಎಂದು ಇವರು ಹೇಳಲಿಲ್ಲ. ಅವರೂ ಬಿಡಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಇಷ್ಟನ್ನು ಹೇಳಿ ದುಕಾನದವ್ವ ಮೊರ ಕೊಡವಿ ಎದ್ದರು. ಆರಿಸಿದ ಬೇಳೆಯಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ.

ನನಗೂ ಆ ಮಂಡಳಿಯ ಮೇಲೆ ಒಲವಿರಲಿಲ್ಲ. ಕಾರಣ ಬೇರೆ. ದರ್ಜಿಯ ದನಿ ನನಗೆ ಸಹಿಸಲಾಗುತ್ತಿರಲಿಲ್ಲ. ಬಾವಿಯ ಒಣಗಿದ ಗಡಗಡಿಯ ಮೇಲೆ ಹಗ್ಗ ಎಳೆದಂಥ ದನಿ, ಅರ್ಧ ಮೂಗಿನಿಂದ. ಪ್ರತಿ ಸಾಲಿನ ಕೊನೆಯನ್ನು ಎಳೆದು, ಇನ್ನೇನು ಬಿಟ್ಟರು ಎನ್ನುವಾಗ ಮತ್ತಷ್ಟು ಎಳೆಯುತ್ತಿದ್ದರು. ಒಂದು ಕನ್ನಡ ತತ್ವಪದ ಮುಗಿದರೆ ಒಂದು ಮರಾಠಿ ಅಭಂಗ, ಎರಡಕ್ಕೂ ಅದೇ ಎಳೆತ. ಅವರ ಮನೆ ಎರಡು ಓಣಿಯಾಚೆ ಇದ್ದರೂ ಸೋಮವಾರ ನಾನು ಕಿಟಕಿ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮಕ್ಕಳ ಪೇಪರು ತಿದ್ದುತ್ತಿದ್ದೆ.

ಪೆಟಗಿಯಪ್ಪ ಒಂದು ಮುಂಜಾನೆ ಹಲ್ಲುಜ್ಜಲು ಹೊರಗೆ ಹೋದವರು ಕಟ್ಟೆಯ ಮೇಲೆ ಕೂತಲ್ಲೇ ತೀರಿಕೊಂಡರು. ಸುದ್ದಿ ಹರಡಿತು. ಹೊತ್ತೇರುವುದರೊಳಗೆ ಮಂಡಳಿಯ ಮೂವರೂ ಬಂದರು. ದರ್ಜಿ, ದಮ್ಮಡಿ ಎಂಬ ಚರ್ಮವಾದ್ಯ ಬಾರಿಸುವ, ತಲೆಗೆ ಕೆಂಪು ಪಟಗ ಸುತ್ತಿದ ಎತ್ತರದ ಕುರಿಗಾರ, ಮತ್ತೆ ತಾಳ ಹಿಡಿಯುವ ಮುದುಕರು, ಹಿಂದೆ ಊರಿನ ನೀರಿನ ಟಾಕಿಯ ವಾಲ್ವು ತಿರುಗಿಸುವ ಕೆಲಸದಲ್ಲಿದ್ದವರು. ಮೂವರ ಕೈಯಲ್ಲೂ ಚೀಲಗಳಿದ್ದವು. ಹೆಣದ ಮುಂದೆ ಕೂಡಲು ಒಳಗೆ ಕಾಲಿಡುವಾಗ ದುಕಾನದವ್ವ ತಲೆ ಎತ್ತಿದರು.

"ಇಲ್ಲೆ ಬ್ಯಾಡ," ಎಂದರು. ಅಳು ಇನ್ನೂ ನಿಂತಿರಲಿಲ್ಲ, ದನಿ ಮಾತ್ರ ಗಟ್ಟಿ. "ನನ್ನ ಮನ್ಯಾಗ ಬ್ಯಾಡ."

ಸಂಬಂಧಿಕರು ತಿಳಿಹೇಳಿದರು. ಭಜನೆಯ ಮನುಷ್ಯನನ್ನು ಭಜನೆಯಿಲ್ಲದೆ ಹೇಗೆ ಕಳಿಸುವುದೆಂದರು. ದುಕಾನದವ್ವ ಮರಾಠಿಯಲ್ಲಿ "ನಾಹಿ" ಎಂದರು. ಮೂವರೂ ರಸ್ತೆಯಾಚೆಯ ಬೇವಿನ ಮರದ ಕಟ್ಟೆಯ ಮೇಲೆ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಕೂತರು. ಮಣ್ಣಿಗೆ ಒಯ್ಯುವಾಗ ಎಲ್ಲರ ಹಿಂದೆ ನಡೆದರು. ಅಷ್ಟು ಮಂದಿ ಮಾತಿಲ್ಲದೆ ನಡೆಯುವ ಸಪ್ಪಳವನ್ನು ನಾನು ಅದೇ ಮೊದಲು ಕೇಳಿದ್ದು. ಕುರಿಗಾರ ಒಬ್ಬರೇ ದಾರಿಯುದ್ದಕ್ಕೂ ಚೀಲದ ಮೇಲಿನಿಂದಲೇ ದಮ್ಮಡಿಗೆ ಬೆರಳು ಒತ್ತುತ್ತಿದ್ದರು. ದನಿ ಬರುತ್ತಿರಲಿಲ್ಲ.

ಆಮೇಲೆ ದುಕಾನದವ್ವನ ಮನೆ ನಿಜವಾಗಿ ಖಾಲಿಯಾಯಿತು. ಅವರು ಅತ್ತದ್ದು ಕಡಿಮೆ. ಉಣ್ಣುವಾಗ ಮಾತ್ರ ಕಷ್ಟಪಡುತ್ತಿದ್ದರು. ಎದುರಿಗೆ ತಾಟು ಇಲ್ಲದೆ ಉಂಡು ರೂಢಿಯಿಲ್ಲ ಎಂದು ಹೇಳಿ ನನ್ನನ್ನು ಕರೆಯತೊಡಗಿದರು. ನನಗೂ ಒಬ್ಬಳೇ ಉಣ್ಣುವುದು ಬೇಸರವಾಗಿತ್ತು. ಇಬ್ಬರೂ ಎದುರಾಬದುರು ಕೂತು, ಹೆಚ್ಚು ಮಾತಿಲ್ಲದೆ, ರೊಟ್ಟಿ ಮುಗಿಸುತ್ತಿದ್ದೆವು. ಒಂಟಿತನಕ್ಕೆ ಇನ್ನೊಂದು ಒಂಟಿತನ ಜೊತೆಯಾದರೆ ಅದು ಅರ್ಧವಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನೂ ಆಗುವುದಿಲ್ಲ. ಆದರೆ ಹೊತ್ತು ಹೋಗುತ್ತದೆ.

ಅದೇ ದಿನಗಳಲ್ಲಿ ದರ್ಜಿಯ ಮನೆಯ ಮುಂದಿನ ಖೋಲಿಯಲ್ಲಿ ಮಗ ಮೊಬೈಲ್ ರಿಪೇರಿಯ ಅಂಗಡಿ ಹಾಕಿದ. ಮಂಡಳಿಗೆ ಕೂಡಲು ಜಾಗವಿಲ್ಲದಾಯಿತು. ಒಂದು ಸೋಮವಾರ ಸಂಜೆ ಮೂವರೂ ಬಂದು ಬೇವಿನ ಕಟ್ಟೆಯ ಮೇಲೆ, ದುಕಾನಿಗೆ ಸರಿ ಎದುರಿಗೆ, ಕೂತರು. ಬೇಕೆಂದೇ ಕೂತರೋ ನೆರಳಿದೆಯೆಂದು ಕೂತರೋ ಗೊತ್ತಿಲ್ಲ. ದುಕಾನದವ್ವ ಒಂದು ಕದ ಮುಚ್ಚಿದರು. ಇನ್ನೊಂದನ್ನು ಮುಚ್ಚಿದರೆ ಗಿರಾಕಿ ಬರುವುದಿಲ್ಲವಲ್ಲ, ಹಾಗೆಯೇ ಬಿಟ್ಟರು. ಮಂಡಳಿಯವರು ಮೆಲ್ಲಗೆ ಹಾಡಿದರು. ನಾನು ಕಿಟಕಿ ಹಾಕಿದೆ. ಈ ಬಾರಿ ನಡುವೆ ಓಣಿಗಳಿರಲಿಲ್ಲ, ರಸ್ತೆಯೊಂದೇ. ಇಯರ್‌ಫೋನ್ ಸಾಲುತ್ತಿರಲಿಲ್ಲ.

ಹೀಗೆ ಕೆಲವು ಸೋಮವಾರ ಕಳೆದವು. ಒಂದು ಸಂಜೆ ನಾನು ಸಕ್ಕರೆ ತರಲು ದುಕಾನಿನೊಳಗೆ ನಿಂತಿದ್ದೆ. ಹೊರಗೆ ದರ್ಜಿ ಒಂದು ಸಾಲು ಮುಗಿಸಿದರು. ಮುಂದಿನ ಸಾಲು ಬರಲಿಲ್ಲ. ದಮ್ಮಡಿಯೂ ತಾಳವೂ ಮಾತ್ರ ಸಣ್ಣಗೆ ನಡೆದಿದ್ದವು. ಸ್ವಲ್ಪ ಹೊತ್ತಾದ ಮೇಲೆ ಹಾಡು ಮತ್ತೆ ಶುರುವಾಯಿತು. ಮುಂದಿನ ಸಾಲಿನ ನಂತರವೂ ಹಾಗೇ. ಸಕ್ಕರೆ ತೂಗುತ್ತಿದ್ದ ದುಕಾನದವ್ವನ ಕೈ ನಿಂತಿತು. ತಕ್ಕಡಿಯನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದರು. ರಸ್ತೆ ದಾಟಿ ಕಟ್ಟೆಯ ಮುಂದೆ ನಿಂತರು. ಮೂವರೂ ಹೆದರಿ ಹಾಡು ನಿಲ್ಲಿಸಿದರು. ಬೈಸಿಕೊಳ್ಳಲು ತಯಾರಾದವರ ಹಾಗೆ ತಾಳದವರು ಎದ್ದೇ ನಿಂತರು.

"ನಡುನಡುವ ಯಾಕ ಸುಮ್ಮನಾಗ್ತೀರಿ?" ಎಂದು ದುಕಾನದವ್ವ ಕೇಳಿದರು. "ಮರೀತೀರೇನು?"

ದರ್ಜಿ ನೆಲ ನೋಡಿದರು. ಕುರಿಗಾರ ಹೇಳಿದರು. "ಮರಿಯೂದಿಲ್ರಿ ಅವ್ವಾರ. ಅಲ್ಲೆ ಅವ್ರ ಪೆಟಗಿ ಇರ್ತಿತ್ತು. ಅದನ್ನ ದಾಟಿ ಹೋಗಾಕ ನಮಗ ಬರವಲ್ದು. ಅವ್ರು ಎಷ್ಟು ಬಾರಸ್ತಿದ್ರೋ ಅಷ್ಟು ಬಿಟ್ಟು ಹಾಡ್ತೀವು."

ದುಕಾನದವ್ವ ಹಿಂದಿರುಗಿ ಬಂದು ನನ್ನ ಸಕ್ಕರೆ ತೂಗಿ ಕೊಟ್ಟರು. ಅರ್ಧ ಹಿಡಿಯಷ್ಟು ಹೆಚ್ಚೇ ಬಿತ್ತು, ಅದನ್ನವರು ಗಮನಿಸಲಿಲ್ಲ. ಮುಂದಿನ ಸೋಮವಾರ ಮೂವರೂ ಬರುವ ಹೊತ್ತಿಗೆ ದುಕಾನಿನ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಯಾರೂ ಯಾರನ್ನೂ ಕರೆಯಲಿಲ್ಲ. ಅವರು ರಸ್ತೆ ದಾಟಿ ಬಂದು ಕೂತರು. ದುಕಾನದವ್ವ ಒಳಗೆ, ಚಹಾಪುಡಿಯ ಡಬ್ಬಿಗಳ ಮರೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತರು.

ಅವರಿಗೆ ಗಂಡನ ಬಾರಿಸುವಿಕೆ ಹೇಗಿತ್ತೆಂದು ಗೊತ್ತೇ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಕೇಳಿದ್ದಿರಬೇಕು, ನೆನಪಿಲ್ಲ ಎನ್ನುತ್ತಿದ್ದರು. ಈಗ ಆ ಬಿಟ್ಟ ಜಾಗ ಬಂದಾಗಲೆಲ್ಲ ಅವರ ಮುಖ ಒಂದಿಷ್ಟು ಮುಂದೆ ಬರುತ್ತಿತ್ತು. ಏನನ್ನು ಕೇಳುತ್ತಿದ್ದರೋ. ಹಾಡು ಮತ್ತೆ ಶುರುವಾದರೆ ಹಿಂದಕ್ಕೆ ಒರಗುತ್ತಿದ್ದರು.

ಇಷ್ಟರಿಂದ ಅವರಿಗೆ ಮಂಡಳಿಯ ಮೇಲೆ ಪ್ರೀತಿ ಹುಟ್ಟಿತೆಂದು ಯಾರೂ ತಿಳಿಯಬಾರದು. ಅದಕ್ಕೆ ಬಹಳ ದಿನ ಹಿಡಿಯಿತು, ನಡುವೆ ಒಮ್ಮೆ ಮುರಿದೂ ಬಿತ್ತು. ಮುರಿದದ್ದು ದರ್ಜಿಯ ಒಂದು ಮಾತಿನಿಂದ. ಹಾಡು ಮುಗಿಸಿ ಚಹಾ ಕುಡಿಯುವಾಗ ಅವರು ಹಳೆಯದನ್ನು ನೆನೆದು ನಕ್ಕರು. ತಾವು ಸಾಲು ಮರೆತಾಗಲೆಲ್ಲ ಪೆಟಗಿಯಪ್ಪ ಹಾರ್ಮೋನಿಯಂನಲ್ಲಿ ಎಸ್ಟಿ ಬಸ್ಸಿನ ಹಾರ್ನ್ ಹಾಗೆ ಬಾರಿಸುತ್ತಿದ್ದರಂತೆ. ಕೂತವರೆಲ್ಲ ನಕ್ಕು ಹೊಟ್ಟೆ ಹಿಡಿದುಕೊಂಡರೂ ನಿಲ್ಲಿಸುತ್ತಿರಲಿಲ್ಲವಂತೆ. ತಮ್ಮ ಮಂಡಳಿಯಲ್ಲಿ ಅವರಷ್ಟು ನಗುವವರು, ನಗಿಸುವವರು ಇನ್ನೊಬ್ಬರಿರಲಿಲ್ಲ ಎಂದರು ದರ್ಜಿ. "ಯಾರು?" ಎಂದು ದುಕಾನದವ್ವ ಕೇಳಿದರು. ಪೆಟಗಿಯಪ್ಪ ಎಂದು ದರ್ಜಿ ಮತ್ತೆ ಹೇಳಿದರು. ದುಕಾನದವ್ವ ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಂದು ಉಣ್ಣಲು ಕೂತಾಗ ಅವರು ತುತ್ತು ಮುರಿದು ಕೈಯಲ್ಲೇ ಹಿಡಿದಿದ್ದರು.

"ನಲವತ್ತು ವರ್ಷ ಎದರಾಬದರ ಕುಂತು ಉಂಡೀವಿ ಅಕ್ಕೋರ. ಆ ಮನಶ್ಯಾ ನಗೂದು ನಾ ನೋಡಿಲ್ಲ." ಹಿಡಿದ ತುತ್ತನ್ನು ತಾಟಿನಲ್ಲಿಟ್ಟು ಹೇಳಿದರು, "ಅವ್ರಿಗೆ ಸಿಕ್ಕಾಂವ ನನಗ ಸಿಗಲಿಲ್ಲ."

ಮುಂದಿನ ಸೋಮವಾರ ಜಮಖಾನೆ ಹಾಸಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಮೂವರೂ ಬೇವಿನ ಕಟ್ಟೆಗೆ ಮರಳಿದರು. ದುಕಾನದವ್ವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಸವತಿಯೊಬ್ಬಳ ಮನೆಯ ಮುಂದೆ ಕೂತವರಂತೆ ಅವರು ಆ ಕಟ್ಟೆಯನ್ನು ನೋಡುತ್ತಿದ್ದರು. ಮೂರನೆಯ ವಾರ ಮತ್ತೆ ಜಮಖಾನೆ ಬಂತು. ಈ ಬಾರಿ ಅವರು ಡಬ್ಬಿಗಳ ಮರೆಯಲ್ಲಿ ಕೂಡಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತು, ಹಾಡು ಶುರುವಾಗುವ ಮೊದಲೇ, ನಮ್ಮವರ ಬಗ್ಗೆ ಇನ್ನೂ ಏನೇನು ಗೊತ್ತಿದೆ ಎಲ್ಲ ಹೇಳಿ ಎಂದರು. ಆಮೇಲಿನ ಸೋಮವಾರಗಳಲ್ಲಿ ಅರ್ಧ ಹಾಡು, ಅರ್ಧ ಪೆಟಗಿಯಪ್ಪ. ಮಳೆಯಲ್ಲಿ ಪೆಟಗಿಗೆ ತನ್ನ ಅಂಗಿ ಹೊದಿಸಿ ತಾನು ನೆನೆದದ್ದು, ಅಸಂಗಿಯ ದಾರಿಯಲ್ಲಿ ಬಸ್ಸು ಕೆಟ್ಟಾಗ ರಸ್ತೆ ಮೇಲೆ ಕೂತು ಬಾರಿಸಿದ್ದು. ಸನಮಡಿಗೆ ಹೋದ ಆ ದಿನದ ಮೇಲೆ ಒಂದು ವರ್ಷದ ತನಕ ಅವರು ಪೆಟಗಿ ಮುಟ್ಟದೆ ಸುಮ್ಮನೆ ಬಂದು ಕೂತು ಹೋಗುತ್ತಿದ್ದರು ಎಂಬುದನ್ನು ತಾಳದವರು ಹೇಳಿದರು. ದುಕಾನದವ್ವನಿಗೆ ಅದು ಗೊತ್ತಿರಲಿಲ್ಲ. ಪ್ರತಿ ಸೋಮವಾರ ಬಾರಿಸಲೆಂದೇ ಹೋಗುತ್ತಾರೆಂದು ತಿಳಿದಿದ್ದರು. ಇದನ್ನು ಕೇಳಿದ ದಿನ ಅವರು ಒಳಗೆ ಹೋಗಲಿಲ್ಲ. ಹಾಡು ಮುಗಿಯುವ ತನಕ ಅಲ್ಲೇ ಕೂತಿದ್ದರು.

ಅಲ್ಲಿಂದ ಆಚೆಗೆ ಅವರು ಮೂವರನ್ನೂ ಬೇರೆಬೇರೆಯಾಗಿ ಹಚ್ಚಿಕೊಂಡರು. ದರ್ಜಿಯ ಗಂಟಲಿಗೆಂದು ಒಣಶುಂಠಿ ಕುಟ್ಟಿ ಬೆಲ್ಲದಲ್ಲಿ ಉಂಡೆ ಕಟ್ಟಿ ಇಡುತ್ತಿದ್ದರು. ಮೋಡದ ದಿನ ದಮ್ಮಡಿಯ ಚರ್ಮ ಸಡಿಲಾಗುತ್ತದೆಂದು ತಿಳಿದ ಮೇಲೆ, ಕುರಿಗಾರ ಬರುವುದರೊಳಗೆ ಅದನ್ನು ಕಾಯಿಸಲು ಕುಳ್ಳಿನ ಕೆಂಡ ತುಂಬಿದ ಮಣ್ಣಿನ ಕುಂಡ ಕಟ್ಟೆಯ ಮೇಲೆ ತಯಾರಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಕುರಿಗಾರ ಹಿಂಡು ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೋದರೆ ಮಳೆಗಾಲದವರೆಗೆ ಬರುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಮಿರಜದ ಕಡೆಯಿಂದ ಬಂದ ಲಾರಿಯವರನ್ನೆಲ್ಲ ನಿಲ್ಲಿಸಿ, ಕೆಂಪು ಪಟಗದ ಎತ್ತರದ ಕುರಿಗಾರ ಕಂಡನೇ ಎಂದು ಕೇಳುತ್ತಿದ್ದರು. ದರ್ಜಿಯ ದನಿಯ ಬಗ್ಗೆ ನಾನು ಒಮ್ಮೆ ಗೊಣಗಿದಾಗ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಕೆಟ್ಟ ದನೀನ ಅದು. ಅದಕ್ಕೇನ್ ಮಾಡೂದ್ರಿ? ಮನಶ್ಯಾ ಅಂವಾ ಅದಾನಲ್ಲ ಅದರಾಗ."

ನಾನು ಕಿಟಕಿ ಹಾಕುವುದನ್ನು ಯಾವಾಗ ಬಿಟ್ಟೆ ಎಂದು ನೆನಪಿಲ್ಲ. ಬಿಟ್ಟೆ ಎಂಬುದು ಮಾತ್ರ ನಿಜ. ಸೋಮವಾರ ಸಂಜೆ ಆ ಗಡಗಡಿ ಎಳೆಯದಿದ್ದರೆ ವಾರ ಶುರುವಾದಂತೆ ಅನಿಸುತ್ತಿರಲಿಲ್ಲ.

ಆ ಮೂವರಿಗೂ ಪೆಟಗಿಯಿಲ್ಲದೆ ಬಣಗುಟ್ಟುತ್ತಿದೆಯೆಂದು ಅನಿಸಿ, ಒಂದು ಸಲ ಅಸಂಗಿಯಿಂದ ಹಾರ್ಮೋನಿಯಂ ಬಾರಿಸುವ ಒಬ್ಬರನ್ನು ಕರೆತಂದರು. ದರ್ಜಿ ತಮ್ಮ ಮನೆಯಿಂದ ಪೆಟಗಿಯಪ್ಪನ ಪೆಟಗಿಯನ್ನೇ ಹೊತ್ತು ತಂದು ದುಕಾನದವ್ವನ ಮುಂದೆ ಇಟ್ಟರು. ಅಷ್ಟು ವರ್ಷಗಳ ಮೇಲೆ ಅವರು ಅದನ್ನು ನೋಡಿದ್ದು ಅಂದೇ. ಮುಟ್ಟಲಿಲ್ಲ. ಅಸಂಗಿಯವರು ಚೆನ್ನಾಗಿಯೇ ಬಾರಿಸಿದರು. ಬಿಟ್ಟ ಜಾಗಗಳೆಲ್ಲ ತುಂಬಿದವು. ಹಾಡು ಮುಗಿದ ಮೇಲೆ ದುಕಾನದವ್ವ ಅವರಿಗೆ ಊಟಕ್ಕಿಟ್ಟು, ಹೊರಡುವಾಗ, ಆ ಪೆಟಗಿಯನ್ನು ನೀವೇ ಒಯ್ಯಿರಿ, ನಿಮ್ಮೂರಲ್ಲಿ ಬಾರಿಸಿರಿ ಎಂದರು. ಮುಂದಿನ ವಾರದಿಂದ ಮತ್ತೆ ಮೂವರೇ, ಬಿಟ್ಟ ಜಾಗಗಳೂ ಮೊದಲಿನಂತೆಯೇ. ಯಾರೂ ಕಾರಣ ಕೇಳಲಿಲ್ಲ.

ತಾಳದವರಿಗೆ ಕೈ ನಡುಗುವ ಕಾಯಿಲೆ ಹತ್ತಿತು. ಮಗಳು ಬಂದು ಮಿರಜಿಗೆ ಕರೆದುಕೊಂಡು ಹೋದಳು. ಹೋಗುವಾಗ ತಾಳವನ್ನು ದುಕಾನದವ್ವನ ತಕ್ಕಡಿಯ ಪಕ್ಕ ಇಟ್ಟು ಹೋದರು. ಅದು ಕೆಲವು ವಾರ ಅಲ್ಲೇ ಇತ್ತು. ಒಂದು ಸೋಮವಾರ ನಾನು ಶಾಲೆಯಿಂದ ಬರುವಾಗ ನೋಡಿದರೆ, ದುಕಾನದವ್ವ ಅದನ್ನು ಹಿಡಿದು ಕೂತಿದ್ದರು. ಮೊದಮೊದಲು ತಪ್ಪುತ್ತಿತ್ತು. ತಪ್ಪಿದಾಗ ಕುರಿಗಾರ ದಮ್ಮಡಿಯ ಪೆಟ್ಟು ಸ್ವಲ್ಪ ಗಟ್ಟಿ ಮಾಡುತ್ತಿದ್ದರು, ಅಷ್ಟೇ.

ಮರುವರ್ಷದ ಮಳೆಗಾಲದಲ್ಲಿ ದರ್ಜಿ ತೀರಿಕೊಂಡರು. ನಾನು ಶಾಲೆಗೆ ರಜೆ ಹಾಕಿ ಹೋದೆ. ಹೆಣದ ಮುಂದೆ ಕುರಿಗಾರ ಕೂತಿದ್ದರು. ಅವರ ಪಕ್ಕದಲ್ಲಿ, ಗಂಡಸರ ಸಾಲಿನಲ್ಲಿ, ತಾಳ ಹಿಡಿದು ದುಕಾನದವ್ವ. ಪಕ್ಕದ ಊರಿನ ಮಂಡಳಿಯವರು ಬಂದು ಹಾಡುತ್ತಿದ್ದರು. ದರ್ಜಿಯ ಬೀಗರಲ್ಲಿ ಒಬ್ಬರು ಬಗ್ಗಿ, ಅವ್ವಾರ ನೀವು ಒಳಗೆ ಹೆಂಗಸರ ಹತ್ತಿರ ಕೂಡ್ರಿ ಎಂದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂಜಾನೆ ಕೂತವರು ಹೆಣ ಎತ್ತುವ ತನಕ ಏಳಲಿಲ್ಲ, ನೀರು ಕುಡಿಯಲಿಲ್ಲ. ಮಣ್ಣಿಗೆ ಹೋಗುವ ದಾರಿಯಲ್ಲೂ ಕೆಸರಿನಲ್ಲಿ ಕುರಿಗಾರನ ಜೊತೆ ಹೆಜ್ಜೆ ಹಾಕುತ್ತ ತಾಳ ಬಾರಿಸಿದರು. ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಹೊಸ್ತಿಲಲ್ಲಿ ಕೂತರು. ಅಂಗೈಯಲ್ಲಿ ತಾಳದ ದಾರ ಕೊಯ್ದು ರಕ್ತ ಒಣಗಿತ್ತು. ನಾನು ಅರಿಸಿನ ಹಚ್ಚಲು ಹೋದೆ. ಕೈ ಚಾಚಿದರು.

"ನಮ್ಮವ್ರಿಗೆ ಇದನ್ನ ನಾ ಕೊಡಲಿಲ್ಲ," ಎಂದರು.

ನಾನು ಅರಿಸಿನ ಒತ್ತಿ ಬಟ್ಟೆ ಸುತ್ತಿದೆ. ಅವರು ಎದ್ದು ದುಕಾನಿನ ಕದ ತೆಗೆದರು.

ಮರುವರ್ಷ ನನಗೆ ಸನಮಡಿಗೆ ಬದಲಿಯಾಯಿತು. ಹೊರಡುವ ದಿನ ದುಕಾನದವ್ವ, ಹೋಗಿ, ಬಸ್ಸುಗಳಿವೆಯಲ್ಲ ಎಂದಷ್ಟೇ ಹೇಳಿ ಅವಲಕ್ಕಿಯ ಗಂಟು ಕೈಗಿತ್ತರು. ಬಸ್ಸುಗಳು ಇದ್ದವು. ನಾನು ಹೋದದ್ದು ಕಡಿಮೆ. ಹೋದಾಗಲೆಲ್ಲ ದುಕಾನಿನ ಹಲಗೆಗಳ ಮೇಲೆ ಡಬ್ಬಿಗಳು ಕಡಿಮೆಯಾಗುತ್ತಿದ್ದವು.

ಕಳೆದ ಮಳೆಗಾಲದಲ್ಲಿ ಒಂದು ಸೋಮವಾರ ಸಂಜೆ ಹೋದೆ. ಬಸ್ಸು ಇಳಿದು ಬರುವಾಗ ದೂರದಿಂದಲೇ ತಾಳವೂ ದಮ್ಮಡಿಯೂ ಕೇಳಿದವು. ಹತ್ತಿರ ಬಂದರೆ ಕಟ್ಟೆಯ ಮೇಲೆ ಇಬ್ಬರೇ, ದುಕಾನದವ್ವ ಮತ್ತು ಕುರಿಗಾರ. ಹಾಡುವವರು ಯಾರೂ ಇಲ್ಲ. ಇಬ್ಬರಿಗೂ ಹಾಡಲು ಬರುವುದಿಲ್ಲ. ರಸ್ತೆಯ ಕಡೆ ಮುಖ ಮಾಡಿ ಕೂತು, ಹಾಡಿಲ್ಲದೆಯೇ ಬಾರಿಸುತ್ತಿದ್ದರು. ಬೈಕಿನ ಮೇಲೆ ಹೋಗುತ್ತಿದ್ದವರು ನೋಡಿ ನಕ್ಕು ಹೋದರು. ಮುಗಿಯುವ ತನಕ ಕಾದು, ಇದು ಯಾವ ಹಾಡು ಎಂದು ಕೇಳಿದೆ.

"ಮನಸಿನ್ಯಾಗ ನಡದಿರತೈತ್ರಿ," ಎಂದರು ದುಕಾನದವ್ವ. "ಅವನೂ ನಡಸಿರ್ತಾನ."

ಇಬ್ಬರದೂ ಒಂದೇ ಹಾಡೆಂದು ಹೇಗೆ ಗೊತ್ತು ಎಂದೆ. ಅವರು ಕುರಿಗಾರನ ಕಡೆ ನೋಡಿದರು. ಕುರಿಗಾರ ದಮ್ಮಡಿ ಒರೆಸುತ್ತಿದ್ದರು.

"ಇಬ್ಬರೂ ಕೂಡೇ ಮುಗಸ್ತೀವಲ್ಲ," ಎಂದರು ದುಕಾನದವ್ವ.

ಅದೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ದೀಪಾವಳಿಗೆ ಕುರಿಗಾರ ಹಿಂಡಿನ ಜೊತೆ ಹೋದರು. ಹೋದ ತಿಂಗಳು ದುಕಾನದವ್ವ ಎರಡು ದಿನ ಜ್ವರದಲ್ಲಿ ಮಲಗಿ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಗಂಡನ ಕಡೆಯ ಸಂಬಂಧಿಕರು ಎಲ್ಲ ತಯಾರಿ ಮಾಡಿದ್ದರು. ಸುತ್ತಲ ಮಂಡಳಿಯವರು ಯಾರೂ ಅಂದು ಸಿಗಲಿಲ್ಲ. ಯಾರೋ ಮೊಬೈಲನ್ನು ಸ್ಪೀಕರಿಗೆ ಹಚ್ಚಿ ಭಜನೆ ಹಾಕಿದರು. ಒಳ್ಳೆಯ ದನಿ, ಹಿಂದೆ ಪೆಟಗಿ, ತಬಲಾ, ಕೊಳಲು ಎಲ್ಲ ಇತ್ತು. ನಡುನಡುವೆ ಜಾಹೀರಾತು ಬರುತ್ತಿತ್ತು. ಹಾಗೆಯೇ ಅವರನ್ನು ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು.

ಅಂದು ಬಸ್ಸು ತಪ್ಪಿ ನಾನು ಹಿಂದಿನ ಖೋಲಿಯಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ಕುರಿಗಾರ ಬಂದರು. ಸುದ್ದಿ ಮುಟ್ಟಿದ ಕೂಡಲೇ ಹಿಂಡನ್ನು ತಮ್ಮನ ಕೈಗೆ ಬಿಟ್ಟು, ಮೂರು ಬಸ್ಸು ಬದಲಿಸಿ ಬಂದಿದ್ದರು. ಮುಚ್ಚಿದ ದುಕಾನನ್ನು ನೋಡಿದರು. "ಮಣ್ಣ ಮಾಡಿದ ಜಾಗ ತೋರಸ್ರಿ ಅಕ್ಕೋರ," ಎಂದರು. ಇಬ್ಬರೂ ನಡೆದು ಹೋದೆವು. ಹಸಿ ಮಣ್ಣಿನ ಮುಂದೆ ಅವರು ಪಟಗ ಬಿಚ್ಚಿ ಹಾಸಿ ಕೂತರು. ಚೀಲದಿಂದ ದಮ್ಮಡಿ ತೆಗೆದು ಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, ಏನಾದರೂ ಹಾಡಿ ಎಂದರು. ನನಗೆ ಹಾಡಲು ಬರುವುದಿಲ್ಲ ಎಂದೆ.

"ದರ್ಜಿಯವ್ರ ಹಾಡು ನಿಮಗ ಎಲ್ಲಾ ಗೊತ್ತದಾವಲ್ರಿ. ಅಷ್ಟು ವರ್ಷ ಕೇಳೀರಿ."

ಗೊತ್ತಿದ್ದವು. ಶುರುಮಾಡಿದ ಮೇಲೆಯೇ ನನಗೆ ತಿಳಿದದ್ದು. ಕಿಟಕಿ ಹಾಕಿ, ಕಿವಿ ಮುಚ್ಚಿ ದೂರವಿಟ್ಟ ಹಾಡುಗಳೂ ಒಳಗೆ ಬಂದು ಕೂತಿದ್ದವು. ಸಾಲಿನ ಹಿಂದೆ ಸಾಲು ಬಂತು. ದನಿ ನನ್ನದೇ, ಒಡಕು ದನಿ. ಆದರೆ ಸಾಲಿನ ಕೊನೆ ಬಂದಾಗ ನನ್ನ ಗಂಟಲು ತಾನಾಗಿ ಅದನ್ನು ಮೂಗಿನಿಂದ ಎಳೆಯಿತು, ಬಿಡುವಾಗ ಮತ್ತಷ್ಟು ಎಳೆಯಿತು. ಕುರಿಗಾರ ತಲೆ ಎತ್ತದೆ ಬಾರಿಸುತ್ತಿದ್ದರು. ಅವರ ಗಡ್ಡದೊಳಗೆ ನೀರು ಇಳಿಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ದೂರದಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು.

ಮುಗಿದ ಮೇಲೆ ಪಟಗ ಕೊಡವಿ ಸುತ್ತಿಕೊಂಡರು. ಹಿಂಡು ಬೇರೆಯವರ ಹೊಲದಲ್ಲಿ ನಿಂತಿದೆ, ರಾತ್ರಿಯೊಳಗೆ ಮುಟ್ಟಬೇಕು ಎಂದರು. ಜತ್ತದ ತನಕ ಒಂದೇ ಬಸ್ಸಿನಲ್ಲಿ ಬಂದೆವು. ಅವರು ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಜತ್ತದಲ್ಲಿ ಇಬ್ಬರೂ ಇಳಿದೆವು. ಅವರು ಮಿರಜದ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಎತ್ತಿದರು. ಬಸ್ಸು ಹೋಯಿತು.

ಸನಮಡಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸಿನ ಪಕ್ಕ ಕೂತೆ. ಹಾಡು ಬಾಯಲ್ಲೇ ಉಳಿದಿತ್ತು. ಮೂಗಿನಿಂದ ಎಳೆದ ದನಿ ಹೊರಗೆ ಬರುತ್ತಿದೆಯೆಂದು ನನಗೇ ಗೊತ್ತಾಗಿರಲಿಲ್ಲ. ಆ ಹೆಂಗಸು ತಿರುಗಿ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದು ಕೂತಳು.